ಹಗುರ ಹುಡುಗಿಯರು

ಮಧುಗಿರಿಯ ಕ್ರೀಡಾಂಗಣದಲ್ಲಿ ಹುಡುಗಿಯರ ಮೂರು ಸಾವಿರ ಮೀಟರ್ ಓಟ ಕೊನೆಯ ಸುತ್ತಿಗೆ ಬಂದಾಗ ಗಂಗಾಲಕ್ಷ್ಮಿ ಉಳಿದವರಿಗಿಂತ ಅರ್ಧ ಸುತ್ತು ಮುಂದಿದ್ದಳು. ಶಿರಾದ ಹುಡುಗಿಯೂ ಕೊರಟಗೆರೆಯ ಹುಡುಗಿಯೂ ಎರಡನೇ ಸ್ಥಾನಕ್ಕಾಗಿ ಪೈಪೋಟಿ ನಡೆಸುತ್ತ ಎಲ್ಲೋ ಹಿಂದೆ ಬರುತ್ತಿದ್ದರು. ಪಾವಗಡ ತಾಲ್ಲೂಕಿನ ಜಾಲಿಬಂಡೆ ಹೈಸ್ಕೂಲಿನ ದೈಹಿಕ ಶಿಕ್ಷಕಿ ವನಜಾ ಸುಣ್ಣದ ಗೆರೆಯ ಪಕ್ಕ ನಿಂತು ಕೈಯಲ್ಲಿದ್ದ ಸ್ಟಾಪ್‌ವಾಚ್ ನೋಡುತ್ತಿದ್ದಳು. ನಾಲ್ಕು ತಾಲ್ಲೂಕಿನ ಕೂಟದಲ್ಲಿ ಇಷ್ಟು ವೇಗವಾಗಿ ಯಾವ ಹುಡುಗಿಯೂ ಓಡಿದ್ದನ್ನು ಅವಳು ಈ ಹದಿನಾಲ್ಕು ವರ್ಷದ ನೌಕರಿಯಲ್ಲಿ ಕಂಡಿರಲಿಲ್ಲ.

ಆಗ ಸದ್ದಾಯಿತು. ಒಣಗಿದ ಜಾಲಿಕಡ್ಡಿಯನ್ನು ಮೊಣಕಾಲಿಗೆ ಕೊಟ್ಟು ಲಟಕ್ಕನೆ ಮುರಿದರೆ ಬರುವಂಥ ಸದ್ದು. ವನಜಾ ಮೊದಲು ಯಾರೋ ಏನನ್ನೋ ಮುರಿದರು ಅಂದುಕೊಂಡಳು. ತಲೆ ಎತ್ತಿ ನೋಡಿದರೆ ಗಂಗಾಲಕ್ಷ್ಮಿ ನೆಲದ ಮೇಲಿದ್ದಳು. ಯಾರೂ ಅವಳನ್ನು ತಾಗಿರಲಿಲ್ಲ, ಎಡವಲು ಅಲ್ಲಿ ಒಂದು ಕಲ್ಲೂ ಇರಲಿಲ್ಲ. ಸುಮ್ಮನೆ ಓಡುತ್ತಿದ್ದವಳು ಸುಮ್ಮನೆ ಮುರಿದುಬಿದ್ದಿದ್ದಳು. ಎಡಗಾಲು ಮೊಣಕಾಲಿನ ಕೆಳಗೆ, ಮಡಚಬಾರದ ಜಾಗದಲ್ಲಿ ಮಡಚಿಕೊಂಡಿತ್ತು.

ವನಜಾಳ ಕಾಲು ಕಿತ್ತು ಬರಲಿಲ್ಲ. ಎಷ್ಟು ಹೊತ್ತು ಹಾಗೆ ನಿಂತಿದ್ದಳೋ ತಿಳಿಯದು. ಎರಡು ಕ್ಷಣವೇ ಇರಬಹುದು. ಆ ಎರಡು ಕ್ಷಣದಲ್ಲಿ ಗಂಗಾಲಕ್ಷ್ಮಿ ಮೊಣಕೈ ಊರಿ, ಮುರಿದ ಕಾಲನ್ನು ಎಳೆದುಕೊಂಡು, ಗೆಲುವಿನ ಗೆರೆಯ ಕಡೆಗೆ ತೆವಳಲು ಶುರುಮಾಡಿದ್ದಳು. ವನಜಾ ಓಡಿಹೋಗಿ ಬಾಗಿದಾಗ ಆ ಹುಡುಗಿ ಮುಖ ಎತ್ತಿ, ಉಸಿರು ಸಿಗದೆ, ಆದರೆ ಬಹಳ ಸ್ಪಷ್ಟವಾಗಿ ಹೇಳಿದಳು:

"ಮುಟ್ಬ್ಯಾಡಿ ಮಿಸ್. ಮುಟ್ಟಿದ್ರೆ ಔಟ್ ಮಾಡ್ತಾರೆ."

ನಿಯಮ ಹಾಗೇ ಇತ್ತು. ಓಟದ ನಡುವೆ ತರಬೇತುದಾರರು ಮುಟ್ಟಿದರೆ ಸ್ಪರ್ಧೆಯಿಂದ ಹೊರಗೆ. ಅದನ್ನು ಕಲಿಸಿದ್ದೂ ವನಜಾಳೇ. ಚಾಚಿದ ಅವಳ ಕೈ ಗಾಳಿಯಲ್ಲೇ ನಿಂತಿತು. ಮುಟ್ಟಲಿಲ್ಲ. ಅಂಪೈರ್ ಒಬ್ಬರು ಬಂದು ಹುಡುಗಿಯನ್ನು ಎತ್ತಿಕೊಳ್ಳುವವರೆಗೂ ಅವಳು ಮುಟ್ಟಲಿಲ್ಲ. ಆಮೇಲೆ ತಿಂಗಳುಗಟ್ಟಲೆ ಅವಳನ್ನು ಕಾಡಿದ್ದು ಆ ಸದ್ದಿಗಿಂತ ಹೆಚ್ಚಾಗಿ ಇದೇ.

ಮಧುಗಿರಿಯ ಒಂದು ಆಸ್ಪತ್ರೆಗೆ ಕರೆದೊಯ್ದರು. ಮೂಳೆ ಡಾಕ್ಟರು ಸರ್ವಮಂಗಳಾ ಐವತ್ತರ ಆಸುಪಾಸಿನ ಹೆಂಗಸು, ಮಾತು ಕಡಿಮೆ. ಇಂಜೆಕ್ಷನ್ ಕೊಟ್ಟು, ಕಾಲನ್ನು ಹಲಗೆಗೆ ಕಟ್ಟಿಸಿ, ಎಕ್ಸ್‌ರೇ ತೆಗೆಸಿ, ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಮುರಿದ ಜಾಗವನ್ನು ತೋರಿಸಿ, ಇಲ್ಲಿ ಇವತ್ತು ಮುರಿದಿದೆ, ಆದರೆ ಇದರ ಬಿರುಕು ಇವತ್ತಿನದಲ್ಲ, ಕಡಿಮೆಯೆಂದರೂ ಎರಡು ತಿಂಗಳು ಹಳೆಯದು ಎಂದರು. ಇಷ್ಟು ದಿನವೂ ಇವಳು ಬಿರುಕು ಬಿಟ್ಟ ಮೂಳೆಯ ಮೇಲೇ ಓಡಿದ್ದಾಳೆ, ನೋವಿದೆ ಅಂತ ಒಮ್ಮೆಯೂ ಹೇಳಲಿಲ್ಲವೇ ಎಂದು ಕೇಳಿದರು. ವನಜಾ ಇಲ್ಲ ಎಂದು ತಲೆಯಾಡಿಸಿದಳು. ಹಾಸಿಗೆಯ ಮೇಲಿದ್ದ ಗಂಗಾಲಕ್ಷ್ಮಿ ಮಿಸ್ಸನ್ನು ಕಾಪಾಡುವವಳಂತೆ ನಡುವೆ ಬಾಯಿ ಹಾಕಿ, ನೋವಿದ್ದದ್ದು ನಿಜ, ಬಟ್ಟೆ ಬಿಗಿದು ಕಟ್ಟಿಕೊಂಡು ಓಡುತ್ತಿದ್ದೆ, ಓಡಿದರೆ ಸರಿಹೋಗುತ್ತೆ ಅಂದುಕೊಂಡಿದ್ದೆ ಎಂದಳು.

ಡಾಕ್ಟರು ಸ್ಟೂಲು ಎಳೆದುಕೊಂಡು ಹುಡುಗಿಯ ಪಕ್ಕ ಕೂತರು. ಬೆಳಗ್ಗೆ ಏನು ತಿನ್ನುತ್ತೀ? ಟೀ. ಮಧ್ಯಾಹ್ನ? ಸ್ಕೂಲಿನ ಊಟದಲ್ಲಿ ಅರ್ಧ. ರಾತ್ರಿ? ಒಂದು ಲೋಟ ಮಜ್ಜಿಗೆ, ಅವ್ವ ನೋಡುತ್ತಿದ್ದರೆ ಒಂದು ತುತ್ತು ಮುದ್ದೆ. ದಿನಕ್ಕೆ ಎಷ್ಟು ಹೊತ್ತು ಓಡುತ್ತೀ? ಬೆಳಗ್ಗೆ ಒಂದೂವರೆ ಗಂಟೆ, ಸಂಜೆ ಎರಡು ಗಂಟೆ. ಕೊನೆಯ ಸಲ ಮುಟ್ಟಾದದ್ದು ಯಾವಾಗ?

ಗಂಗಾಲಕ್ಷ್ಮಿಯ ಒಣಗಿದ ಮುಖದಲ್ಲಿ ಆಗ ಒಂದು ನಗು ಕಾಣಿಸಿತು. ಒಳ್ಳೆಯ ಅಂಕ ಬಂದ ಹುಡುಗಿ ಅಂಕ ಹೇಳುವಾಗ ನಗುವಂಥ ನಗು.

"ನಿಂತೋಗೈತೆ ಡಾಕ್ಟ್ರೇ. ಹನ್ನೊಂದು ತಿಂಗ್ಳಾಯ್ತು. ಒಳ್ಳೆ ಓಟಗಾರರಿಗೆ ಅಂಗೇ ನಿಲ್ತದೆ ಅಂತ ಮಿಸ್ಸೇ ಹೇಳವ್ರೆ."

ಸರ್ವಮಂಗಳಾ ತಿರುಗಿ ವನಜಾಳ ಮುಖ ನೋಡಿದರು. ವನಜಾ ಹೇಳಿಲ್ಲ ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ನೆನಪಾಯಿತು. ಹೇಳಿದ್ದಳು. ಕಳೆದ ವರ್ಷ ಶಾಲೆಯ ಹುಣಸೆಮರದ ಕೆಳಗೆ ಹುಡುಗಿಯರೆಲ್ಲ ಸುತ್ತ ಕೂತಿದ್ದಾಗ, ಯಾರೋ ಒಬ್ಬಳು ಹೊಟ್ಟೆನೋವೆಂದು ಅತ್ತಾಗ, ಸಮಾಧಾನ ಮಾಡಲು ತನ್ನ ಕತೆ ಹೇಳಿದ್ದಳು. ನಾನು ರಾಜ್ಯಮಟ್ಟಕ್ಕೆ ಓಡುತ್ತಿದ್ದಾಗ ವರ್ಷಗಟ್ಟಲೆ ನನಗೆ ಈ ಕಾಟವೇ ಇರಲಿಲ್ಲ ಕಣ್ರೇ, ಮೈ ಅಷ್ಟು ಹದಕ್ಕೆ ಬಂದಿತ್ತು ಎಂದು. ಎಲ್ಲರೂ ನಕ್ಕಿದ್ದರು. ಅವಳೂ ನಕ್ಕಿದ್ದಳು.

ಡಾಕ್ಟರು ಅವಳನ್ನು ಹೊರಗೆ ಕರೆದುಕೊಂಡು ಹೋದರು, ಆದರೆ ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು. ಪಾಠ ಹೇಳುವಂತೆ ನಿಧಾನವಾಗಿ ಹೇಳಿದರು. ಒಲೆಗೆ ಸೌದೆ ಸಾಲದೆ ಬಂದಾಗ ಮೈ ತನಗೆ ಸದ್ಯಕ್ಕೆ ಬೇಡದ ಕೆಲಸ ನಿಲ್ಲಿಸುತ್ತದೆ. ಮೊದಲು ಮುಟ್ಟು ನಿಲ್ಲುತ್ತದೆ. ಅದು ನಿಂತಿತೆಂದರೆ ಮೂಳೆ ಕಟ್ಟುವ ಕೆಲಸವೂ ನಿಂತಿತು ಅಂತಲೇ ಲೆಕ್ಕ. ಹದಿನೈದರಲ್ಲಿ ಕಟ್ಟಿಕೊಳ್ಳಬೇಕಾದ ಮೂಳೆಯನ್ನು ಐವತ್ತರಲ್ಲಿ ಕಟ್ಟಲು ಬರುವುದಿಲ್ಲ.

"ಓಡಿದ್ದು ತಪ್ಪಲ್ಲಮ್ಮ. ಹಸಿದು ಓಡಿದ್ದು ತಪ್ಪು. ನಿಮ್ಮ ಟೀಮಿನಲ್ಲಿ ಇನ್ನೆಷ್ಟು ಜನಕ್ಕೆ ಹೀಗಾಗಿದೆ?"

ವನಜಾಳಿಗೆ ಗೊತ್ತಿರಲಿಲ್ಲ. ಆರು ಜನ ಹುಡುಗಿಯರ ಓಟದ ವೇಗ ಸೆಕೆಂಡಿನ ಚೂರಿನವರೆಗೂ ಅವಳ ನಾಲಗೆಯ ತುದಿಯಲ್ಲಿತ್ತು. ಇದು ಗೊತ್ತಿರಲಿಲ್ಲ.

ಗಂಗಾಲಕ್ಷ್ಮಿಯ ತಾಯಿಯ ಫೋನು ಹತ್ತಲಿಲ್ಲ. ಕುರಿಯ ಹಿಂದೆ ಬೆಟ್ಟದ ಕಡೆ ಹೋಗಿದ್ದರೆ ಹತ್ತುವುದೂ ಇಲ್ಲ. ಜೊತೆಗೆ ಬಂದಿದ್ದ ಹಿಂದಿ ಟೀಚರನ್ನು ಆಸ್ಪತ್ರೆಯಲ್ಲಿ ಬಿಟ್ಟು, ಉಳಿದ ಐವರು ಹುಡುಗಿಯರನ್ನು ವ್ಯಾನಿನಲ್ಲಿ ಕೂರಿಸಿಕೊಂಡು ವನಜಾ ಪಾವಗಡದ ಹಾದಿ ಹಿಡಿದಳು. ದಿವ್ಯ, ಸಾವಿರದೈನೂರು ಮೀಟರಿನಲ್ಲಿ ಆವತ್ತೇ ಬೆಳಗ್ಗೆ ಮೊದಲು ಬಂದು ವಿಭಾಗ ಮಟ್ಟಕ್ಕೆ ಆಯ್ಕೆಯಾಗಿದ್ದವಳು, ಪದಕವನ್ನು ಮುಷ್ಟಿಯಲ್ಲಿ ಹಿಡಿದು ಕಿಟಕಿಗೆ ಮುಖ ಕೊಟ್ಟು ಕೂತಿದ್ದಳು. ಅರ್ಧ ದಾರಿಯಲ್ಲಿ ವನಜಾ ವ್ಯಾನು ನಿಲ್ಲಿಸಿ, ಡ್ರೈವರನ್ನು ಟೀ ಕುಡಿಯಲು ಕಳಿಸಿ, ಹಿಂದಕ್ಕೆ ತಿರುಗಿ ಕೂತಳು. ಕೇಳಬೇಕಾದ್ದನ್ನು ಕೇಳಿದಳು. ಮೂರು ತಿಂಗಳಿಗಿಂತ ಹೆಚ್ಚು ಯಾರಿಗೆ ನಿಂತಿದೆ?

ನಾಲ್ಕು ಕೈ ಮೇಲೆದ್ದವು. ಹಿಂಜರಿಕೆ ಇಲ್ಲದೆ, ಪ್ರಶ್ನೆಗೆ ಉತ್ತರ ಗೊತ್ತಿದ್ದವರ ಕೈಗಳು. ಕೈ ಎತ್ತದೆ ಉಳಿದವಳು ಎಂಟನೇ ತರಗತಿಯ ಒಂದು ಸಣ್ಣ ಹುಡುಗಿ. ತಲೆ ತಗ್ಗಿಸಿಕೊಂಡು, ತಪ್ಪು ಒಪ್ಪಿಕೊಳ್ಳುವ ದನಿಯಲ್ಲಿ ಅಂದಳು:

"ನಂಗಿನ್ನೂ ನಿಂತಿಲ್ಲ ಮಿಸ್. ಇನ್ನೂ ಜಾಸ್ತಿ ಓಡ್ತೀನಿ."

ವನಜಾ ಮುಂದಕ್ಕೆ ತಿರುಗಿ ಕೂತಳು. ಡ್ರೈವರ್ ಬಂದು ವ್ಯಾನು ಹೊರಡಿಸಿದ್ದೂ ಅವಳ ಅರಿವಿಗೆ ಬರಲಿಲ್ಲ.

ಅವಳು ಎಂದೂ ಮಕ್ಕಳ ಮೇಲೆ ಕೈ ಎತ್ತಿದವಳಲ್ಲ. ಹಾಸ್ಟೆಲಿನಲ್ಲಿದ್ದು ಓಡುತ್ತಿದ್ದ ಕಾಲದಲ್ಲಿ ಅವಳ ಕೋಚು ದಿನಾ ಬೆಳಗ್ಗೆ ತಕ್ಕಡಿಯ ಮೇಲೆ ನಿಲ್ಲಿಸಿ, ಅರ್ಧ ಕಿಲೋ ಏರಿದವಳನ್ನು ಎಮ್ಮೆ ಎಂದು ಕರೆದು, ಸಾಲಿನಲ್ಲಿ ಎಲ್ಲರ ಮುಂದೆ ಕುಪ್ಪಳಿಸುವಂತೆ ಮಾಡುತ್ತಿದ್ದರು. ಕೆಲಸಕ್ಕೆ ಸೇರಿದ ದಿನವೇ ವನಜಾ ನಿರ್ಧರಿಸಿದ್ದಳು, ನನ್ನ ಮಕ್ಕಳಿಗೆ ಒಂದು ಕೆಟ್ಟ ಮಾತೂ ಆಡುವುದಿಲ್ಲ. ಆಡಿರಲಿಲ್ಲ. ಸೋಮವಾರ ಮಾತ್ರ ತೂಕ ನೋಡುತ್ತಿದ್ದಳು. ಇಳಿದವಳ ಬೆನ್ನು ತಟ್ಟಿ, ಜಡೆಗೆ ಒಂದು ಕೆಂಪು ರಿಬ್ಬನ್ ಕಟ್ಟಿ, ಆ ವಾರ ಅವಳೇ ಮುಂದೆ ನಿಂತು ಕಸರತ್ತು ಮಾಡಿಸುವಂತೆ ಹೇಳುತ್ತಿದ್ದಳು. ಏರಿದವಳಿಗೆ ಏನೂ ಅನ್ನುತ್ತಿರಲಿಲ್ಲ. ಬರೀ ಮುಂದಿನವಳನ್ನು ಕರೆಯುತ್ತಿದ್ದಳು. ಹಗುರ ಆದಷ್ಟೂ ಓಟ ಕಣಮ್ಮ ಎನ್ನುವುದು ಅವಳ ಮಾತು. ಊರವರೆಲ್ಲ ವನಜಾ ಮಿಸ್ಸಿನಂಥ ತಣ್ಣನೆಯ ಟೀಚರಿಲ್ಲ ಎನ್ನುತ್ತಿದ್ದರು. ಅವಳೂ ಹಾಗೇ ನಂಬಿದ್ದಳು.

ವ್ಯಾನಿನಲ್ಲಿ ಕೂತವಳಿಗೆ ಇನ್ನೊಂದು ನೆನಪಾಯಿತು. ಇಪ್ಪತ್ತೊಂದನೇ ವಯಸ್ಸಿನಲ್ಲಿ ಕೊರಟಗೆರೆಯ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿನಿಂದ ಇಳಿಯುವಾಗ, ಬರೀ ಇಳಿಯುವಾಗ, ಅವಳ ಪಾದದ ಮೂಳೆ ಮುರಿದಿತ್ತು. ಅಲ್ಲಿಗೆ ಅವಳ ಓಟ ಮುಗಿದಿತ್ತು. ಹಣೆಬರಹ ಎಂದು ಅಮ್ಮ ಅಂದಿದ್ದರು. ಹಣೆಬರಹ ಎಂದೇ ಅವಳು ಇಪ್ಪತ್ತು ವರ್ಷ ನಂಬಿಕೊಂಡು ಬಂದಿದ್ದಳು. ಡಾಕ್ಟರು ಆ ಹುಡುಗಿಗೆ ಕೇಳಿದ ಒಂದೊಂದು ಪ್ರಶ್ನೆಗೂ ತನ್ನ ಉತ್ತರ ಅದೇ ಆಗುತ್ತಿತ್ತು ಎನ್ನುವುದು ಈಗ ಹೊಳೆಯಿತು.

ಹುಡುಗಿಯರನ್ನು ಅವರವರ ಮನೆಗೆ ಬಿಟ್ಟು ಗಂಗಾಲಕ್ಷ್ಮಿಯ ಮನೆಯಿದ್ದ ಹಟ್ಟಿಗೆ ಹೋದಾಗ ಇನ್ನೂ ಬಿಸಿಲಿತ್ತು. ನಿಡುಗಲ್ಲು ಬೆಟ್ಟದ ಒಂದು ಪಕ್ಕ ಕೆಂಪಗಾಗಿತ್ತು. ಗಂಗಾಲಕ್ಷ್ಮಿಯ ಅಪ್ಪ ಕ್ಯಾತಪ್ಪ ದೊಡ್ಡ ಮಂದೆ ಹೊಡೆದುಕೊಂಡು ಆಂಧ್ರದ ಕಡೆ ಮೇವಿಗೆ ಹೋಗಿ ತಿಂಗಳಾಗಿತ್ತು. ತಾಯಿ ಕೆಂಪಕ್ಕ ಮನೆಯಲ್ಲಿ ಉಳಿದಿದ್ದ ಹತ್ತು ಹನ್ನೆರಡು ಕುರಿಗಳನ್ನು ರೊಪ್ಪಕ್ಕೆ ಕೂಡುತ್ತಿದ್ದಳು. ವನಜಾ ಕಾಲು ಮುರಿದದ್ದನ್ನು ಹೇಳಿದಳು. ಜೀವಕ್ಕೆ ಭಯವಿಲ್ಲ ಎಂದು ಎರಡು ಸಲ ಹೇಳಿದಳು. ಕೆಂಪಕ್ಕ ಅಳಲಿಲ್ಲ. ರೊಪ್ಪದ ಬಾಗಿಲಿಗೆ ಕಲ್ಲು ಒತ್ತಿಟ್ಟು, ಸೀರೆ ಬದಲಾಯಿಸಿ ಬರುತ್ತೇನೆಂದು ಹೊರಟಳು. ಆಗ ವನಜಾ ಉಳಿದದ್ದನ್ನೂ, ಹನ್ನೊಂದು ತಿಂಗಳಿಂದ ಮುಟ್ಟು ನಿಂತಿರುವುದನ್ನೂ ಹೇಳಿದಳು. ಡಾಕ್ಟರು ತಾಯಿಯನ್ನು ಕೇಳಿ ತಿಳಿದುಕೊಳ್ಳಲೇಬೇಕು ಅಂದಿದ್ದರು.

ಕೆಂಪಕ್ಕ ಹೊಸ್ತಿಲಲ್ಲೇ ನಿಂತಳು.

"ಅದೆಂಗಾಯ್ತದೆ ಮೇಡಮ್ಮೋರೆ? ತಿಂಗ್ಳು ತಿಂಗ್ಳೂ ಮೂರು ದಿನ ಆಚೆ ಕುಂತವ್ಳೆ. ಹೋದ ವಾರಾನೂ ಕುಂತಿದ್ಲು. ನಾನೇ ಅನ್ನ ಇಕ್ಕಿವ್ನಿ."

ಇಬ್ಬರೂ ಹಟ್ಟಿಯ ಬೇಲಿಯಾಚೆ ಇದ್ದ ತಗಡಿನ ಕೋಣೆಯ ಕಡೆ ನೋಡಿದರು. ಮುಟ್ಟಾದ ಹೆಂಗಸರು ಆ ಮೂರು ದಿನ ಹಟ್ಟಿಯೊಳಗೆ ಬರದೆ ಅಲ್ಲೇ ಇರಬೇಕು. ದೇವರ ಕಟ್ಟಳೆ ಎಂದು ನಡೆದುಕೊಂಡು ಬಂದದ್ದು. ಅಲ್ಲಿಂದಲೇ ಸ್ಕೂಲಿಗೆ ಹೋಗಿ ಅಲ್ಲಿಗೇ ಬರುವ ಹುಡುಗಿಯರನ್ನು ವನಜಾ ಬಲ್ಲಳು. ಯಾರಾದರೂ ಅಲ್ಲಿಗೆ ಹೋಗುವುದು ತಪ್ಪಲಿ ಎಂದು ಸುಳ್ಳು ಹೇಳಿಯಾರು. ಹೋಗಲೆಂದೇ ಸುಳ್ಳು ಹೇಳಿದವಳನ್ನು ಅವಳು ಕಂಡಿರಲಿಲ್ಲ.

ಕೆಂಪಕ್ಕ ಹೊಸ್ತಿಲ ಮೇಲೆ ಮೆಲ್ಲಗೆ ಕುಸಿದು ಕೂತಳು. ಅವಳಿಗೆ ಅರ್ಥವಾಗುತ್ತಿದ್ದದ್ದು ಅವಳ ಮುಖದಲ್ಲೇ ಕಾಣುತ್ತಿತ್ತು. ಹೋದ ಶಿವರಾತ್ರಿಯ ಮುಂಚೆ ಎರಡು ತಿಂಗಳು ಮಗಳು ಆಚೆ ಕೂರಲಿಲ್ಲ. ಬಸಿರೆಂದು ಹೆದರಿದ ತಾಯಿ, ಯಾರೇ ಅವನು ಎಂದು ಕೇಳಿದ್ದಳು. ಯಾರೂ ಇಲ್ಲ ಕಣವ್ವಾ, ಓಡಿ ಓಡಿ ನಿಂತಿದೆ, ಮಿಸ್ಸು ಹೇಳವ್ರೆ ಎಂದು ಮಗಳು ಅತ್ತಿದ್ದಳು. ಇಂಥ ಮಾತನ್ನು ಯಾರು ನಂಬುತ್ತಾರೆ? ಹತ್ತನೇ ಕ್ಲಾಸು ಮುಗಿಯುವ ಮುಂಚೆಯೇ ಅಣ್ಣನ ಮಗನಿಗೆ ಕೊಟ್ಟು ಕೈ ತೊಳೆದುಕೊಳ್ಳುತ್ತೇನೆ ಎಂದು ಕೆಂಪಕ್ಕ ಹೆದರಿಸಿದ್ದಳು. ಮುಂದಿನ ತಿಂಗಳಿಂದ ಮಗಳು ತಪ್ಪದೆ ಆಚೆ ಕೂತಳು.

"ಪೊರಕೆ ಮುರ್ಯೋ ಹಂಗೆ ಹೊಡ್ದುಬುಟ್ಟೆ," ಎಂದಳು ಕೆಂಪಕ್ಕ. "ನಿಜ ಹೇಳ್ತಿದ್ಲು. ನಿಜ ಹೇಳ್ದೋಳಿಗೆ ಹೊಡ್ದೆ."

ತನಗೇ ಹೇಳಿಕೊಳ್ಳುವಂತೆ ಇನ್ನೊಂದನ್ನೂ ಹೇಳಿದಳು. ಆ ಮೂರು ದಿನ ಮಗಳು ಕತ್ತಲು ಹರಿಯುವ ಮುಂಚೆ ಕೆರೆ ಏರಿಯ ಮೇಲೆ ಓಡುತ್ತಾಳೆ, ಸಂಜೆಯೂ ಓಡುತ್ತಾಳೆ ಎಂದು ಪಕ್ಕದ ಮುದುಕಿ ಹೇಳಿದ್ದಳಂತೆ. ಸ್ಕೂಲಿನಲ್ಲಿ ಹೇಳಿಕೊಟ್ಟಿರಬೇಕು ಅಂದುಕೊಂಡು ಇವಳು ಸುಮ್ಮನಾಗಿದ್ದಳಂತೆ. ದೂರದಲ್ಲಿಟ್ಟು ಬಂದ ಅನ್ನವನ್ನು ಮಗಳು ತಿಂದಳೋ, ನಾಯಿ ತಿಂದಿತೋ, ನೋಡುವವರು ಯಾರೂ ಇರಲಿಲ್ಲ.

ತಪ್ಪು ನಿಮ್ಮದಲ್ಲ, ನನ್ನದು ಎಂದಳು ವನಜಾ. ಅದು ಆ ಹೊತ್ತಿಗೆ ಬಹಳ ಸಣ್ಣ ಮಾತಾಗಿ ಕೇಳಿಸಿತು. ಕೆಂಪಕ್ಕ ಎದ್ದು ಹೋಗಿ ಸೀರೆ ಬದಲಾಯಿಸಿ ಬಂದಳು. ವ್ಯಾನು ಆಸ್ಪತ್ರೆ ಸೇರಿದಾಗ ಕತ್ತಲಾಗಿತ್ತು. ತಾಯಿಯನ್ನು ಕಂಡ ಗಂಗಾಲಕ್ಷ್ಮಿ ಹೆದರಿ ಮುಖ ಮುಚ್ಚಿಕೊಂಡಳು. ಕೆಂಪಕ್ಕ ಆ ಕೈಗಳನ್ನು ಬಿಡಿಸಲು ಹೋಗದೆ, ಮಗಳ ತಲೆಯ ಹತ್ತಿರ ಕೂತು, ಹಣೆಯ ಮೇಲಿನ ಸುಣ್ಣದ ಪುಡಿಯನ್ನು ಸೆರಗಿನಿಂದ ಒರೆಸುತ್ತ ಇದ್ದಳು.

ಮರುದಿನ ವನಜಾ ಶಾಲೆಗೆ ಬಂದವಳು ನೇರವಾಗಿ ಬಿಸಿಯೂಟದ ಅಡುಗೆಮನೆಗೆ ಹೋದಳು. ಅಡುಗೆಯ ಮುದ್ದಕ್ಕ ಗಡಿಯಾಚೆಯಿಂದ ಮದುವೆಯಾಗಿ ಬಂದವಳು, ಮಾತಿನಲ್ಲಿ ಅರ್ಧ ತೆಲುಗು. ನನ್ನ ಓಟದ ಹುಡುಗಿಯರು ಸರಿಯಾಗಿ ಊಟ ಮಾಡುತ್ತಿದ್ದರೇ ಎಂದು ವನಜಾ ಕೇಳಿದಳು. ಮುದ್ದಕ್ಕ ಸೌಟು ಕೆಳಗಿಟ್ಟು ಅವಳನ್ನೇ ನೋಡಿದಳು.

"ಏಮಮ್ಮಾ, ಈಗ ಕೇಳ್ತೀರಾ? ಆಷಾಢದಾಗೇ ಹೇಳಿದ್ನಲ್ಲ, ನಿಮ್ ಹುಡ್ಗೀರು ತಟ್ಟೆ ಒಯ್ದು ನಾಯಿಗೆ ಹಾಕ್ತಾರೆ ಅಂತ. ನೀವು ನಕ್ಕುಬುಟ್ರಿ. ಓಟದೋರು ಅಂಗೇ ಕಣ್ ಮುದ್ದಕ್ಕ ಅಂದ್ರಿ."

ಅದೂ ನಿಜವಾಗಿತ್ತು. ಯಾರೂ ಅವಳಿಂದ ಏನನ್ನೂ ಬಚ್ಚಿಟ್ಟಿರಲಿಲ್ಲ. ಹುಡುಗಿಯರ ಕೆನ್ನೆ ಒಳಕ್ಕೆ ಹೋದದ್ದು, ಕೂದಲು ಉದುರಿ ಜಡೆ ಇಲಿಬಾಲದಂತಾದದ್ದು, ಬಿಸಿಲಲ್ಲೂ ಸ್ವೆಟರ್ ಹಾಕಿಕೊಂಡು ಬರುತ್ತಿದ್ದದ್ದು, ಎಲ್ಲವೂ ಅವಳ ಕಣ್ಣ ಮುಂದೆಯೇ ನಡೆದಿತ್ತು. ಅವಳು ಅದನ್ನೆಲ್ಲ ನೋಡಿ ಖುಷಿಪಟ್ಟಿದ್ದಳು.

ಹೆಡ್‌ಮಾಸ್ಟರ್ ನಂದೀಶ್ವರಯ್ಯ ಒಳ್ಳೆಯ ಮನುಷ್ಯ. ಬಿದ್ದದ್ದು ಆಕಸ್ಮಿಕ, ಅದಕ್ಕೆ ನೀವೇಕೆ ಇಷ್ಟು ಕುಗ್ಗುತ್ತೀರಿ ಎಂದು ಸಮಾಧಾನ ಹೇಳಿದರು. ದಿವ್ಯಳನ್ನು ವಿಭಾಗ ಮಟ್ಟಕ್ಕೆ ಕಳಿಸುವುದಿಲ್ಲ ಎಂದು ವನಜಾ ಹೇಳಿದಾಗ ಮಾತ್ರ ಅವರ ಮುಖ ಬಿಗಿಯಿತು. ಜಾಲಿಬಂಡೆಯಂಥ ಊರಿಗೆ ಇಂಥ ಅವಕಾಶ ಮತ್ತೆ ಯಾವಾಗ ಬರುತ್ತದೆ, ಆ ಹುಡುಗಿಯ ಕಾಲು ಗಟ್ಟಿಯಾಗೇ ಇದೆಯಲ್ಲ ಎಂದರು. ನಿನ್ನೆ ಬೆಳಗ್ಗೆವರೆಗೆ ಗಂಗಾಲಕ್ಷ್ಮಿಯ ಕಾಲೂ ಗಟ್ಟಿಯಾಗೇ ಇತ್ತು ಸಾರ್ ಎಂದಳು ವನಜಾ. ಉಳಿದ ಐವರನ್ನೂ ಡಾಕ್ಟರಿಗೆ ತೋರಿಸುವವರೆಗೆ ಯಾರೂ ಓಡುವುದಿಲ್ಲ ಎಂದು ಬರೆದು ಸಹಿ ಹಾಕಿ ಕೊಟ್ಟಳು.

ದಿವ್ಯ ಕೂಗಾಡಲಿಲ್ಲ. ಮೂರು ವಾರ ವನಜಾಳ ಜೊತೆ ಮಾತು ಬಿಟ್ಟಳು, ಎದುರು ಬಂದರೆ ದಾರಿ ಬದಲಿಸಿದಳು. ಅಷ್ಟಾದ ಮೇಲೆ ರಕ್ತಪರೀಕ್ಷೆಯ ಚೀಟಿ ಬಂತು. ಅವಳ ರಕ್ತದ ಅಂಶ ಇರಬೇಕಾದ್ದಕ್ಕಿಂತ ಬಹಳ ಕಡಿಮೆ ಇತ್ತು. ಆ ಚೀಟಿಯನ್ನು ತಾನೇ ತಂದು ಮೇಜಿನ ಮೇಲಿಟ್ಟು ಅಲ್ಲೇ ನಿಂತುಕೊಂಡಳು. ವನಜಾ ಎದ್ದು ಅವಳನ್ನು ಕೂರಿಸಿ, ಮುದ್ದಕ್ಕನಿಂದ ಒಂದು ತಟ್ಟೆ ಅನ್ನ ಸಾರು ತರಿಸಿ, ತಾನೂ ಒಂದು ತಟ್ಟೆ ಇಟ್ಟುಕೊಂಡು ಎದುರಿಗೆ ಕೂತು ಉಂಡಳು. ಇಬ್ಬರೂ ತಟ್ಟೆ ಖಾಲಿಯಾಗುವವರೆಗೆ ಕೂತಿದ್ದರು.

ಆ ವಾರದ ಶನಿವಾರ ವನಜಾ, ಕಟ್ಟು ಹಾಕಿದ ಕಾಲಿನ ಗಂಗಾಲಕ್ಷ್ಮಿಯೂ ಸೇರಿದಂತೆ, ಹುಡುಗಿಯರನ್ನೂ ಅವರ ತಾಯಂದಿರನ್ನೂ ಹುಣಸೆಮರದ ಕೆಳಗೆ ಸೇರಿಸಿದಳು. ನಾನು ನಿಮಗೆ ಹೇಳಿಕೊಟ್ಟದ್ದು ತಪ್ಪು ಎಂದಳು. ಮುಟ್ಟು ನಿಲ್ಲುವುದು ಒಳ್ಳೆಯ ಓಟದ ಗುರುತಲ್ಲ, ಮೈ ಸಹಾಯಕ್ಕೆ ಕೂಗುತ್ತಿರುವ ಗುರುತು. ನನಗೂ ಯಾರೋ ತಪ್ಪು ಹೇಳಿದ್ದರು, ನಾನೂ ಅದನ್ನೇ ನಿಮಗೆ ದಾಟಿಸಿದೆ ಎಂದಳು. ಹುಡುಗಿಯರು ಕಣ್ಣು ಪಿಳುಕಿಸದೆ ನೋಡುತ್ತಿದ್ದರು. ಟೀಚರೊಬ್ಬರು ತಪ್ಪಾಯಿತು ಎನ್ನುವುದನ್ನು ಅವರು ಅಲ್ಲಿಯವರೆಗೆ ನೋಡಿರಲಿಲ್ಲ. ಎಂಟನೇ ತರಗತಿಯವಳು ಎಲ್ಲಕ್ಕಿಂತ ಗಾಬರಿಯಾಗಿದ್ದಳು. ಹಾಗಾದರೆ ನಾನು ಸರಿಯಾಗಿದ್ದೆನಾ ಮಿಸ್ ಎಂದು ಕೇಳಿದಳು. ನೀನೊಬ್ಬಳೇ ಸರಿಯಾಗಿದ್ದೆ ಎಂದಳು ವನಜಾ. ತಾಯಂದಿರಲ್ಲಿ ಒಬ್ಬಳು ಎದ್ದು, ಹಾಗಾದ್ರೆ ಇಷ್ಟು ದಿನ ನಮ್ ಮಕ್ಳನ್ನ ಏನು ಮಾಡಿದ್ರಿ ನೀವು ಎಂದು ಕೇಳಿ ಮಗಳ ಕೈ ಹಿಡಿದು ಎಳೆದುಕೊಂಡು ಹೋದಳು. ಆ ಹುಡುಗಿ ಮತ್ತೆ ಓಟಕ್ಕೆ ಬರಲೇ ಇಲ್ಲ. ವನಜಾ ಎರಡು ಸಲ ಅವರ ಮನೆ ಬಾಗಿಲಿಗೆ ಹೋಗಿ ಹಿಂದಿರುಗಿದಳು.

ತೂಕದ ಯಂತ್ರವನ್ನು ಮುದ್ದಕ್ಕ ಅಕ್ಕಿ ತೂಗಲು ಒಯ್ದಳು. ಬೆಳಗಿನ ಓಟದ ಮುಂಚೆ ನೆನೆಸಿದ ಕಡಲೆಕಾಯಿ, ಬೆಲ್ಲ, ಬಾಳೆಹಣ್ಣು ಶುರುವಾಯಿತು. ವಾರಕ್ಕೆ ಎರಡು ದಿನ ಓಟವೇ ಇಲ್ಲ. ಎಲ್ಲೆಲ್ಲಿ ನೋಯುತ್ತದೆ ಎಂದು ಬರೆಯಲು ಒಂದು ನೋಟ್‌ಬುಕ್ಕು ಇಟ್ಟಳು. ಮೊದಲ ಎರಡು ತಿಂಗಳು ಎಲ್ಲರೂ ಅದರಲ್ಲಿ ಬರೆದದ್ದು ಒಂದೇ ಮಾತು, ಏನಿಲ್ಲ. ತೊಡೆ ಹಿಡಿದುಕೊಂಡು ಕುಂಟುತ್ತ ಬಂದವಳೂ ಏನಿಲ್ಲ ಎಂದೇ ಬರೆದಳು. ಬಾಯಿ ಮುಚ್ಚಿಕೊಳ್ಳುವುದನ್ನು ಕಲಿಸಲು ತಾನು ಒಂದು ದಿನವೂ ಕಷ್ಟಪಟ್ಟಿರಲಿಲ್ಲ, ತೆರೆಯುವುದನ್ನು ಕಲಿಸಲು ಎಷ್ಟು ದಿನ ಬೇಕೋ ಎಂದು ವನಜಾ ಹೆದರಿದಳು.

ಗಂಗಾಲಕ್ಷ್ಮಿಯ ಕಾಲಿನ ಕಟ್ಟು ಬಿಚ್ಚಲು ಮೂರು ತಿಂಗಳು ಹಿಡಿಯಿತು. ಶಿವರಾತ್ರಿ ಕಳೆದ ಒಂದು ಬೆಳಗ್ಗೆ ಅವಳು ಊರುಗೋಲು ಹಿಡಿದು ಆಟದ ಸಾಮಾನಿನ ಕೋಣೆಗೆ ಬಂದು ಬಾಗಿಲಲ್ಲಿ ನಿಂತು ಅಳತೊಡಗಿದಳು. ವನಜಾ ಗಾಬರಿಯಾಗಿ ಎದ್ದಳು.

"ಬಂದ್ಬುಡ್ತು ಮಿಸ್. ನೆನ್ನೆ ಬಂದ್ಬುಡ್ತು. ಇನ್ನು ನಾನು ಓಟಗಾರ್ತಿ ಅಲ್ವಾ?"

ಅಷ್ಟೆಲ್ಲ ಕೇಳಿಸಿಕೊಂಡು, ಮರದ ಕೆಳಗೆ ತಲೆಯಾಡಿಸಿ, ಡಾಕ್ಟರ ಮುಂದೆ ಹ್ಞೂಂಗುಟ್ಟಿದ್ದ ಹುಡುಗಿ. ಆ ಮೊದಲಿನ ಒಂದು ಮಾತು, ನಗುತ್ತ ಆಡಿದ ಒಂದೇ ಒಂದು ಮಾತು ಇನ್ನೂ ಅವಳೊಳಗೆ ಹಾಗೇ ಕೂತಿತ್ತು. ವನಜಾ ಅವಳನ್ನು ತಬ್ಬಿಕೊಂಡಳು. ಇಷ್ಟು ದಿನ ಆಗಿರದ ಓಟಗಾರ್ತಿ ಈಗ ಆದೆ ಕಣಮ್ಮ, ನಿನ್ನ ಮೂಳೆ ಮತ್ತೆ ಕಟ್ಟಿಕೊಳ್ಳೋಕೆ ಶುರುವಾಗಿದೆ ಎಂದು ಮತ್ತೆ ಮತ್ತೆ ಹೇಳಿದಳು. ಹುಡುಗಿ ನಂಬಿದಳೋ ಇಲ್ಲವೋ ಗೊತ್ತಾಗಲಿಲ್ಲ.

ಸಂಜೆ ವನಜಾ ಹಟ್ಟಿಯ ಕಡೆ ಹೋದಳು. ತಗಡಿನ ಕೋಣೆಯ ಮುಂದೆ ಗಂಗಾಲಕ್ಷ್ಮಿ ಕೂತಿದ್ದಳು. ತಟ್ಟೆಯಲ್ಲಿ ಎರಡು ಮುದ್ದೆ, ಹುರುಳಿಕಾಳಿನ ಸಾರು, ಬೇಯಿಸಿದ ಮೊಟ್ಟೆ. ಒಂದು ಮಾರು ದೂರದಲ್ಲಿ ಕೆಂಪಕ್ಕ ಕಲ್ಲಿನ ಮೇಲೆ ಕೂತು, ಮಗಳು ಕೊನೆಯ ತುತ್ತು ನುಂಗುವುದನ್ನು ಕಾಯುತ್ತಿದ್ದಳು. ಕಟ್ಟಳೆ ನನ್ನ ಕೈಲಿಲ್ಲ ಮೇಡಮ್ಮೋರೆ, ಹೊಟ್ಟೆ ನನ್ನ ಕೈಲಿದೆ ಎಂದಳು. ವನಜಾಳೂ ಅವಳ ಪಕ್ಕದಲ್ಲಿ ಕೂತಳು. ಆ ಕೋಣೆಯ ಬಗ್ಗೆ ಅವಳಿಗೆ ಹೇಳಲು ಬಹಳವಿತ್ತು. ಆದರೆ ಬುದ್ಧಿ ಹೇಳುವ ಬಾಯಿ ತನಗಿಲ್ಲ ಎನಿಸಿತು.

ಜೂನಿನಲ್ಲಿ ಡಾಕ್ಟರು ಸಣ್ಣಗೆ ಓಡಬಹುದು ಎಂದರು. ಅರ್ಧ ಸುತ್ತು ನಡಿಗೆ, ಅರ್ಧ ಸುತ್ತು ಓಟ. ಹತ್ತನೇ ತರಗತಿ ಪಾಸಾಗಿದ್ದ ಗಂಗಾಲಕ್ಷ್ಮಿ ಕಾಲೇಜಿಗೆ ಸೇರುವ ಮುಂಚಿನ ಬಿಡುವಿನಲ್ಲಿ ದಿನಾ ಸಂಜೆ ಶಾಲೆಯ ಮೈದಾನಕ್ಕೆ ಬರತೊಡಗಿದಳು. ಕೆನ್ನೆ ತುಂಬಿಕೊಂಡಿತ್ತು. ಹಿಂದಿನ ವೇಗ ಇರಲಿಲ್ಲ, ಬರುತ್ತದೆಂದು ಯಾರೂ ಮಾತು ಕೊಟ್ಟಿರಲಿಲ್ಲ. ನಾಲ್ಕನೆಯ ದಿನ ಎಲ್ಲರೂ ಜೊತೆಯಾಗಿ ಓಡುತ್ತಿದ್ದರು. ದಿವ್ಯ ಮುಂದಿದ್ದಳು, ಗಂಗಾಲಕ್ಷ್ಮಿ ಕೊನೆಯಲ್ಲಿದ್ದಳು. ಮೈದಾನದ ಆಚೆ ತುದಿಯಲ್ಲಿ ಅವಳು ಇದ್ದಕ್ಕಿದ್ದಂತೆ ನಿಂತುಬಿಟ್ಟಳು. ವನಜಾಳ ಕಿವಿ ಆ ಸದ್ದಿಗಾಗಿ ಬಿಗಿಯಾಯಿತು. ಸದ್ದು ಬರಲಿಲ್ಲ. ಹುಡುಗಿ ಒಂದು ಕೈ ಮೇಲೆತ್ತಿ, ಇಡೀ ಮೈದಾನಕ್ಕೆ ಕೇಳುವಂತೆ ಕೂಗಿದಳು:

"ಮಿಸ್, ನೋಯ್ತಾ ಐತೆ. ನಾನು ನಿಲ್ತೀನಿ."

ಹದಿನೈದು ವರ್ಷದಲ್ಲಿ ಯಾವ ಮಗುವೂ ಅವಳಿಗೆ ಆ ಮಾತು ಹೇಳಿರಲಿಲ್ಲ. ಮುಂದೆ ಓಡುತ್ತಿದ್ದ ದಿವ್ಯಳೂ ನಿಂತು, ಹಿಂದಿರುಗಿ, ಗಂಗಾಲಕ್ಷ್ಮಿಯ ಕಡೆಗೆ ನಡೆದಳು. ಉಳಿದವರೂ ಒಬ್ಬೊಬ್ಬರಾಗಿ ನಿಂತರು. ವನಜಾ ಕುತ್ತಿಗೆಯ ಸೀಟಿಯನ್ನು ತೆಗೆದು ಜೇಬಿಗೆ ಹಾಕಿಕೊಂಡು, ಮೈದಾನವನ್ನು ಅಡ್ಡ ಹಾಯ್ದು, ಎಲ್ಲಿ ನೋಯುತ್ತದೆ ತೋರಿಸಮ್ಮ ಎಂದು ಕೇಳಲು ಹೊರಟಳು.